ನಾಲ್ಕು ಗಾಲಿಯ ಪಲ್ಲಕ್ಕಿ

ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಗರಿಗೆ ಶಬ್ದರೂಪಗಳನ್ನೂ ಸಮಾಸಗಳನ್ನೂ ಬಾಯಿಪಾಠ ಮಾಡಿಸಿದವನು ಮೋಟಾರು ಗಾಡಿಗಳ ಗುಣದೋಷಗಳನ್ನು ಕುರಿತು ಬರೆಯಹೊರಟರೆ ವಾಚಕರಿಗೆ ನಗೆ ಬರುವುದು ಸಹಜ. ನನ್ನ ಹಳೆಯ ಸಹೋದ್ಯೋಗಿಗಳೊಬ್ಬರು, “ವ್ಯಾಕರಣದ ಪಂಡಿತರಿಗೆ ಎಂಜಿನಿನ ಗೊಡವೆ ಏಕಯ್ಯಾ?” ಎಂದು ಕೇಳಿಯೂಬಿಟ್ಟರು. ನಾನು ಹೇಳಿದೆ: “ಸ್ವಾಮಿ, ವೈಯಾಕರಣನಿಗೂ ಮನೆಯುಂಟು, ಮನೆಯಲ್ಲಿ ಎಂಬತ್ತೆರಡು ವರ್ಷದ ತಾಯಿಯುಂಟು, ತಾಯಿಗೆ ಮಂಡಿನೋವುಂಟು, ನಮ್ಮೂರಿಗೂ ದೊಡ್ಡ ಆಸ್ಪತ್ರೆಗೂ ನಡುವೆ ಘಟ್ಟವುಂಟು. ಇಷ್ಟೆಲ್ಲ ಉಂಟಾದ ಮೇಲೆ ಗಾಡಿಯ ಗೊಡವೆಯೊಂದು ಇಲ್ಲದೆ ಹೇಗೆ?”

2025ನೆಯ ಇಸವಿಯಲ್ಲಿ ನಾನು ಸೇವೆಯಿಂದ ನಿವೃತ್ತನಾದೆ. ಶಿವಮೊಗ್ಗೆಯಲ್ಲಿ ಸಣ್ಣದೊಂದು ಮನೆ. ತೀರ್ಥಹಳ್ಳಿಯ ಆಚೆ ಹಿರಿಯರ ಅಡಕೆತೋಟದಲ್ಲಿ ಒಂದು ಪಾಲು. ತಾಯಿಯ ಚಿಕಿತ್ಸೆಗಾಗಿ ಮೂರು ತಿಂಗಳಿಗೊಮ್ಮೆ ಆಗುಂಬೆಯ ಘಟ್ಟವಿಳಿದು ಮಣಿಪಾಲಕ್ಕೆ ಪ್ರಯಾಣ. ಬಾಡಿಗೆಯ ಗಾಡಿಯವನನ್ನು ಕಾದು ಕಾದು ಬೇಸತ್ತು, ಉಪದಾನದ ಹಣದಲ್ಲಿ ಒಂದು ಭಾಗವನ್ನೂ ಮಗ ಕೊಡುವೆನೆಂದ ಒಂದು ಭಾಗವನ್ನೂ ಸೇರಿಸಿ ಸ್ವಂತ ಗಾಡಿಯನ್ನು ಕೊಳ್ಳುವುದೆಂದು ನಿಶ್ಚಯವಾಯಿತು. ಯಾವ ಗಾಡಿಯೆಂಬುದು ಮಾತ್ರ ನಿಶ್ಚಯವಾಗಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ನನ್ನಂತೆಯೇ ತಡವಾಗಿ ಈ ವಿಷಯಕ್ಕೆ ಬಂದ ಗೃಹಸ್ಥರೊಡನೆ ಹಂಚಿಕೊಳ್ಳೋಣವೆಂದು ಈ ಬರಹ. ಇದರಲ್ಲಿ ಎಂಟು ವರ್ಷದಿಂದ ನಾನು ಯಾರಿಗೂ ಹೇಳದಿದ್ದ ಮಾತೊಂದೂ ಇದೆ. ಅದು ತನ್ನ ಸ್ಥಾನದಲ್ಲಿ ಬರುತ್ತದೆ.

ಈಗ ಕಂಡಕಂಡವರೆಲ್ಲ ಎತ್ತರದ ಗಾಡಿಗಳನ್ನೇ ಕೊಳ್ಳುತ್ತಾರೆ. ಜೀಪಿನ ಮೈ, ಬಸ್ಸಿನ ನಿಲುವು. ನಾನೂ ತಾಯಿಯನ್ನು ಕರೆದುಕೊಂಡು ಅಂಥದೊಂದನ್ನು ನೋಡಲು ಹೋದೆ. ಅಂಗಡಿಯ ಹುಡುಗ ಬಾಗಿಲು ತೆರೆದು ಸವಿನಯವಾಗಿ ನಿಂತ. ಅಮ್ಮ ಒಂದು ಕಾಲೆತ್ತಿ, ಅದನ್ನು ಇಡುವ ತಾಣ ಕಾಣದೆ, ಮತ್ತೆ ಇಳಿಸಿ, “ಅಟ್ಟಕ್ಕೆ ಹತ್ತಲು ಏಣಿ ಎಲ್ಲಿದೆ, ತಮ್ಮಾ?” ಎಂದರು. ಪಕ್ಕದಲ್ಲಿದ್ದ ತಗ್ಗಿನ ಗಾಡಿಯಲ್ಲಿ ಮೊದಲು ಜಗಲಿಯ ಮೇಲೆ ಕುಳಿತಂತೆ ಕುಳಿತು, ಆಮೇಲೆ ಎರಡು ಕಾಲುಗಳನ್ನೂ ಒಳಗೆ ಎಳೆದುಕೊಂಡರು. ಏಳುವಾಗ ಕೈಹಿಡಿಯಬೇಕಾಯಿತೆಂಬುದೂ ನಿಜ. ಆದರೆ ಕೈಹಿಡಿಯಲು ಮಗನಿದ್ದಾನೆ, ಎತ್ತಿ ಕೂರಿಸಲು ಮಗನಿಗೆ ಬಲವಿಲ್ಲ. ಹೀಗೆ ನಮ್ಮ ಮನೆಯ ಮಟ್ಟಿಗೆ ಸೆಡಾನ್ ಎಂಬ ಜಾತಿ ನಿರ್ಣಯವಾಯಿತು.

ಸೆಡಾನ್ ಎಂಬ ಹೆಸರು ನನಗೆ ಹಿಡಿಸಿತು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಪೆಟ್ಟಿಗೆಯಂಥ ಮುಚ್ಚಿದ ಆಸನದಲ್ಲಿ ಒಬ್ಬರನ್ನು ಕೂರಿಸಿ, ಎರಡು ಗಳುಗಳನ್ನು ತೂರಿಸಿ, ಮುಂದೊಬ್ಬ ಹಿಂದೊಬ್ಬ ಹೊತ್ತು ನಡೆಯುತ್ತಿದ್ದರು. ಅದಕ್ಕೆ ಸೆಡಾನ್ ಕುರ್ಚಿಯೆಂದು ಹೆಸರು. ನಮ್ಮ ಪಲ್ಲಕ್ಕಿಯೇ ಸರಿ. ಪಲ್ಲಕ್ಕಿಯೂ ಸಂಸ್ಕೃತದ ಪರ್ಯಂಕವು ಪಲ್ಯಂಕವಾಗಿ, ಅಲ್ಲಿಂದ ನಮ್ಮ ಬಾಯಿಗೆ ಬಂದ ಮಾತು. ಆದಕಾರಣ ಎಂಜಿನಿಗೊಂದು, ಜನಕ್ಕೊಂದು, ಸಾಮಾನಿಗೊಂದು ಎಂದು ಮೂರು ಕೋಣೆಗಳುಳ್ಳ ಈ ಗಾಡಿಯನ್ನು ನಾಲ್ಕು ಗಾಲಿಯ ಪಲ್ಲಕ್ಕಿಯೆಂದರೆ ತಪ್ಪಾಗದು.

ನಮ್ಮ ದೇಶದಲ್ಲಿ ಈ ಪಲ್ಲಕ್ಕಿಯ ವಂಶಕ್ಕೆ ಮೂಲಪುರುಷ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಇದು, 1950ರ ದಶಕದ ಕೊನೆಯಲ್ಲಿ ಹುಟ್ಟಿ 2014ರಲ್ಲಿ ನಿಂತಿತು. ನನ್ನ ಬಾಲ್ಯದಲ್ಲಿ ಒಂದು ಮದುವೆಯ ದಿಬ್ಬಣಕ್ಕೆ ಹನ್ನೊಂದು ಜನ ಅದರಲ್ಲಿ ಹೋದದ್ದು ನೆನಪಿದೆ. ದಾರಿಯಲ್ಲಿ ಎರಡು ಸಲ ನಿಂತಿತು. ಎರಡು ಸಲವೂ ಚಾಲಕ ಒಂದು ತಂತಿ, ಒಂದು ಚಿಂದಿಬಟ್ಟೆ, ಒಂದು ಬೈಗುಳ, ಇಷ್ಟರಿಂದಲೇ ಹೊರಡಿಸಿದ. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಉಪಯೋಗಕ್ಕೆ ಬರುತ್ತದೆ.

ಇಂದಿನ ಪೀಳಿಗೆಗೆ ಬರೋಣ. 2006ರಲ್ಲಿ ಸರ್ಕಾರವು ನಾಲ್ಕು ಮೀಟರಿಗಿಂತ ಗಿಡ್ಡಾದ, ಸಣ್ಣ ಎಂಜಿನಿನ ಗಾಡಿಗಳಿಗೆ ಸುಂಕವನ್ನು ಇಳಿಸಿತು. ಅಂದಿನಿಂದ ಬಾಲವನ್ನು ಕತ್ತರಿಸಿದಂತೆ ಕಾಣುವ ಚಿಕ್ಕ ಸೆಡಾನುಗಳು ಹುಟ್ಟಿದವು. ಅವುಗಳನ್ನು ಬಿಟ್ಟರೆ ನಾಲ್ಕೂವರೆ ಮೀಟರ್ ಉದ್ದದ ಮಧ್ಯಮ ಗಾತ್ರದವು. ನಾನು ಹುಡುಕಲು ಹೊರಟಾಗ ಆ ಪಂಕ್ತಿಯಲ್ಲಿ ಪ್ರಮುಖವಾಗಿದ್ದವು ನಾಲ್ಕು: ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್. ಐದನೆಯದಾದ ಮಾರುತಿ ಸಿಯಾಜ್ 2014ರಲ್ಲಿ ಬಂದು ಆ 2025ರಲ್ಲಿಯೇ ತಯಾರಿಕೆಯನ್ನು ನಿಲ್ಲಿಸಿತ್ತು. ಡೀಸೆಲ್ ಎಂಜಿನುಗಳು 2023ರ ಹೊತ್ತಿಗೇ ಈ ಪಂಕ್ತಿಯಿಂದ ಎದ್ದುಹೋಗಿದ್ದವು. ಆದ್ದರಿಂದ ವಿಚಾರವೆಲ್ಲ ಪೆಟ್ರೋಲಿನದೇ.

ಮನೆಯಲ್ಲಿ ವಿಚಾರಣೆಯ ಸಭೆ ಸೇರಿತು. ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ಮಗ ನಲವತ್ತು ಸಾಲುಗಳ ಕೋಷ್ಟಕವೊಂದನ್ನು ಮಾಡಿಕೊಂಡು ಬಂದ. ಉಡುಪಿಯಲ್ಲಿ ಉದ್ಯೋಗದಲ್ಲಿದ್ದು ವಾರಕ್ಕೊಮ್ಮೆ ಘಟ್ಟವನ್ನು ಹತ್ತಿ ಇಳಿಯುವ ಮಗಳು, “ಕೋಷ್ಟಕದಲ್ಲಿ ಗಾಡಿ ಓಡುವುದಿಲ್ಲ, ಅಣ್ಣಾ; ಓಡಿಸಿ ನೋಡಬೇಕು” ಎಂದಳು. ನನಗೆ ನಳೋಪಾಖ್ಯಾನ ನೆನಪಾಯಿತು. ಋತುಪರ್ಣನೆಂಬ ರಾಜ, ಬಾಹುಕನ ವೇಷದಲ್ಲಿದ್ದ ನಳನ ಸಾರಥ್ಯದಲ್ಲಿ ಹೋಗುತ್ತಿದ್ದಾಗ ಅವನ ಉತ್ತರೀಯ ಜಾರಿ ಬಿತ್ತಂತೆ. ‘ನಿಲ್ಲಿಸು’ ಎನ್ನುವಷ್ಟರಲ್ಲಿ ಅದು ಒಂದು ಯೋಜನದ ಹಿಂದೆ ಉಳಿದಿತ್ತಂತೆ. ರಾಜನಾದರೋ ತಾರೆಯ ಮರವೊಂದನ್ನು ದೂರದಿಂದ ಕಂಡೇ ಅದರ ಎಲೆಗಳನ್ನೂ ಕಾಯಿಗಳನ್ನೂ ಎಣಿಸಿ ಹೇಳಿದ. ಒಬ್ಬನಿಗೆ ಕುದುರೆಯ ಹೃದಯ ಗೊತ್ತು, ಇನ್ನೊಬ್ಬನಿಗೆ ಲೆಕ್ಕದ ಹೃದಯ ಗೊತ್ತು. ಕೊನೆಗೆ ಇಬ್ಬರೂ ತಮ್ಮ ತಮ್ಮ ವಿದ್ಯೆಯನ್ನು ವಿನಿಮಯ ಮಾಡಿಕೊಂಡರು. ನನ್ನ ಮಕ್ಕಳಲ್ಲಿ ಅಂಥ ವಿನಿಮಯ ಅಷ್ಟು ಬೇಗನೆ ಆಗಲಿಲ್ಲ.

ಮೊದಲು ಲೆಕ್ಕದವನ ಮಾತು. ಸಿಟಿಯ ಒಂದೂವರೆ ಲೀಟರಿನ ಎಂಜಿನಿಗೆ 121 ಅಶ್ವಶಕ್ತಿ. ಕೈಗೇರಿನಲ್ಲಿ ಲೀಟರಿಗೆ 17.8 ಕಿಲೋಮೀಟರ್ ಎಂದು ಪ್ರಮಾಣಪತ್ರ. ಸಿಯಾಜಿಗೆ ಶಕ್ತಿ 105. ಆದರೆ ಲೀಟರಿಗೆ 20.65 ಕಿಲೋಮೀಟರ್. ಸಿಟಿಯಲ್ಲಿಯೇ 2022ರಲ್ಲಿ ಬಂದ ಹೈಬ್ರಿಡ್ ಎಂಬ ಮಿಶ್ರಜಾತಿಗೆ 26ಕ್ಕೂ ಮೇಲು. ಇದರ ಮರ್ಮ ಹೀಗಿದೆ: ಊರೊಳಗೆ ಬಹುಮಟ್ಟಿಗೆ ವಿದ್ಯುತ್ ಮೋಟಾರೇ ಗಾಲಿಯನ್ನು ತಿರುಗಿಸುತ್ತದೆ, ಎಂಜಿನು ವಿದ್ಯುತ್ತನ್ನು ಉತ್ಪಾದಿಸುತ್ತದೆ, ಹೆದ್ದಾರಿಯಲ್ಲಿ ಎಂಜಿನೇ ನೇರವಾಗಿ ಗಾಲಿಗೆ ಹೆಗಲು ಕೊಡುತ್ತದೆ, ಬ್ರೇಕು ಹಾಕಿದಾಗ ವ್ಯರ್ಥವಾಗುವ ವೇಗ ಮತ್ತೆ ಬ್ಯಾಟರಿಗೆ ಸೇರುತ್ತದೆ. ಘಟ್ಟವಿಳಿಯುವವನಿಗೆ ದಾರಿಯೇ ಅಷ್ಟಿಷ್ಟು ದಕ್ಷಿಣೆ ಕೊಟ್ಟಂತೆ. ಆದರೆ ಬ್ಯಾಟರಿ ಹಿಂದುಗಡೆ ಕುಳಿತುಕೊಳ್ಳುವುದರಿಂದ ಡಿಕ್ಕಿಯಲ್ಲಿ ಅಷ್ಟು ಜಾಗ ಕಡಿಮೆ. ಸ್ಲಾವಿಯಾ ಮತ್ತು ವರ್ಟಸ್ ಒಂದೇ ಅಸ್ತಿಭಾರದ ಮೇಲೆ ಕಟ್ಟಿದ ಅಣ್ಣತಮ್ಮಂದಿರು. ಅವುಗಳ ಒಂದೂವರೆ ಲೀಟರಿನ ಎಂಜಿನು ಭಾರ ಕಡಿಮೆಯಿದ್ದಾಗ ನಾಲ್ಕು ಸಿಲಿಂಡರುಗಳಲ್ಲಿ ಎರಡನ್ನು ತಾನಾಗಿಯೇ ಸುಮ್ಮನಾಗಿಸುತ್ತದೆ. ದಾರಿ ಸಮವಾದಾಗ ನಾಲ್ವರು ಬೋಯಿಗಳಲ್ಲಿ ಇಬ್ಬರು ಹೆಗಲು ತಪ್ಪಿಸಿ ವಿಶ್ರಾಂತಿ ಪಡೆದಂತೆ!

ಇಲ್ಲಿ ಮೇಷ್ಟರಾದ ನಾನು ಎರಡು ಮಾತು ಸೇರಿಸಬೇಕು. ಒಂದನೆಯದು, ಪ್ರಮಾಣಪತ್ರದ ಸಂಖ್ಯೆಗಳು ಪರೀಕ್ಷಾಲಯದಲ್ಲಿ ಉರುಳೆಗಳ ಮೇಲೆ ಗಾಡಿಯನ್ನು ನಿಲ್ಲಿಸಿ, ನಿಗದಿಯಾದ ವೇಗಗಳಲ್ಲಿ ಓಡಿಸಿ ಪಡೆದವು. ಅಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ಮಳೆಗಾಳಿಯಿಲ್ಲ, ಅತ್ತೆಯ ಸಾಮಾನಿನ ಮೂಟೆಯಿಲ್ಲ. ಆ ಸಂಖ್ಯೆ ಹುಡುಗನು ಮನೆಯಲ್ಲಿ ಒಪ್ಪಿಸಿದ ಪಾಠದಂತೆ. ಇನ್‌ಸ್ಪೆಕ್ಟರರ ಮುಂದೆ ಅಷ್ಟು ಬರುವುದಿಲ್ಲ. ಗಾಡಿ ಗಾಡಿಗಳನ್ನು ಹೋಲಿಸಲು ಅದು ಸಾಕು; ನಮ್ಮ ಖರ್ಚನ್ನು ಲೆಕ್ಕಹಾಕಲು ಸಾಲದು. ನಿಜವಾದ ಲೆಕ್ಕಕ್ಕೆ ಟ್ಯಾಂಕನ್ನು ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ, ಎರಡನೆಯ ಸಲ ಹಿಡಿದ ಲೀಟರುಗಳಿಂದ ನಡುವಣ ದೂರವನ್ನು ಭಾಗಿಸಬೇಕು. ಜೊತೆಗೆ ಇನ್ನೊಂದು ಸೂಕ್ಷ್ಮವುಂಟು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಯುವಂತಾಯಿತು. ಎಥನಾಲಿನ ಶಾಖಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆ. ಐದರಲ್ಲೊಂದು ಪಾಲಿನಲ್ಲಿ ಮೂರರಲ್ಲೊಂದು ಕಡಿಮೆಯೆಂದರೆ ಒಟ್ಟಿನಲ್ಲಿ ನೂರಕ್ಕೆ ಆರೇಳು ಪಾಲು. ಅಷ್ಟರಮಟ್ಟಿಗೆ ದೂರವೂ ಕುಗ್ಗಲು ಅವಕಾಶವಿದ್ದೇ ಇದೆ. 2023ರ ಏಪ್ರಿಲಿನಿಂದೀಚೆಗೆ ತಯಾರಾದ ಗಾಡಿಗಳ ರಬ್ಬರು, ಕೊಳವೆ ಮುಂತಾದುವು ಈ ಮಿಶ್ರಣವನ್ನು ತಾಳುವಂಥವು. ಹಳೆಯ ಗಾಡಿಯನ್ನು ಕೊಳ್ಳುವವರು ತಯಾರಿಕೆಯ ತಿಂಗಳನ್ನು ಕೇಳಿಯೇ ಕೊಳ್ಳಬೇಕು.

ಎರಡನೆಯ ಮಾತು ಅಂಕಗಣಿತದ್ದು. ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕ ನಮ್ಮನ್ನು ಮೋಸಗೊಳಿಸುತ್ತದೆ. ಹತ್ತರಿಂದ ಹದಿನೈದಕ್ಕೆ ಏರುವುದೂ ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಏರುವುದೂ ಸಮವೆಂದು ತೋರುತ್ತದೆ, ಸಮವಲ್ಲ. ನೂರು ಕಿಲೋಮೀಟರಿಗೆ ಮೊದಲನೆಯದರಲ್ಲಿ ಮೂರು ಲೀಟರಿಗೂ ಮೇಲೆ ಉಳಿತಾಯ, ಎರಡನೆಯದರಲ್ಲಿ ಒಂದೇ ಲೀಟರು. ನಮ್ಮ ಮನೆಯ ಓಡಾಟ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ 15 ಬಂದರೆ 667 ಲೀಟರು ಬೇಕು. 18 ಬಂದರೆ 556. 22 ಬಂದರೆ 455. ಲೀಟರಿಗೆ ನೂರು ರೂಪಾಯಿ ಹಿಡಿದರೆ 15ಕ್ಕೂ 22ಕ್ಕೂ ವರ್ಷದ ಅಂತರ 21,200 ರೂಪಾಯಿ. ಗಾಡಿಯ ಬೆಲೆಯಲ್ಲಿಯೇ ಮೂರು ಲಕ್ಷದ ಅಂತರವಿದ್ದರೆ ಅದು ತೀರಲು ಹದಿನಾಲ್ಕು ವರ್ಷ ಬೇಕು. ಆ ವೇಳೆಗೆ ನನಗೆ ಎಪ್ಪತ್ತನಾಲ್ಕು. ದಿನಕ್ಕೆ ನೂರು ಕಿಲೋಮೀಟರ್ ಪಟ್ಟಣದ ಸಂದಣಿಯಲ್ಲಿ ಓಡುವವನಿಗೆ ಹೈಬ್ರಿಡ್ ಗಾಡಿ ಕಾಮಧೇನು. ತಿಂಗಳಿಗೆ ನಾಲ್ಕು ಸಲ ಹೊರಡುವ ನಿವೃತ್ತನಿಗೆ ಹಾಲಿಗಿಂತ ಹುಲ್ಲು ದುಬಾರಿ. ಮಗನು ತನ್ನ ಕೋಷ್ಟಕದಲ್ಲಿ ಈ ಸಾಲನ್ನು ಸೇರಿಸಿ, “ಅಪ್ಪಾ, ಇದು ನನಗೆ ಹೊಳೆದಿರಲಿಲ್ಲ” ಎಂದ. ಅಂದಿನ ಊಟ ರುಚಿಯಾಗಿತ್ತು.

ಇನ್ನು ಸಾರಥಿಯ ಮಾತು. ಮಗಳ ಗೆಳತಿಯ ಬಳಿ ಒಂದು ಲೀಟರಿನ ಸ್ಲಾವಿಯಾ ಇತ್ತು. ಒಂದು ಭಾನುವಾರ ಅದನ್ನು ಕೇಳಿ ತಂದು, ಸೋಮೇಶ್ವರದಿಂದ ಆಗುಂಬೆಯವರೆಗೆ ಹದಿನಾಲ್ಕು ತಿರುವುಗಳ ಘಟ್ಟವನ್ನು ಹತ್ತಿಸಿದಳು. ಮುಂದೆ ನಾನು, ಹಿಂದೆ ಅಮ್ಮ. ಎಂಜಿನು ಸಣ್ಣದಾದರೂ ಟರ್ಬೋ ಎಂಬ ಗಾಳಿಯೂದುವ ಸಾಧನವಿರುವುದರಿಂದ 178 ನ್ಯೂಟನ್ ಮೀಟರಿನ ತಿರುಚುಬಲ 1,750 ಸುತ್ತುಗಳಲ್ಲಿಯೇ ಕೈಗೆ ಬರುತ್ತದೆ. ಸಿಟಿಯ ದೊಡ್ಡ ಎಂಜಿನಿನ 145 ಬೇಕಾದರೆ 4,300 ಸುತ್ತಿಗೆ ಏರಬೇಕು. ಇದರ ಅರ್ಥವೇನೆಂದು ಆ ತಿರುವುಗಳಲ್ಲಿ ತಿಳಿಯಿತು. ಒಂದು ಗಾಡಿ, ಕೇಳಿದ ಕೂಡಲೆ ಎದ್ದು ಬರುವ ಆಳು. ಇನ್ನೊಂದು, ಎರಡು ಸಲ ಕೂಗಿದ ಮೇಲೆ ಬಂದು ಅಷ್ಟೇ ಕೆಲಸ ಮಾಡುವ ಆಳು. ಗಾಡಿಯ ಭಾರ ತಗ್ಗಿನಲ್ಲಿರುವುದರಿಂದ ಸೆಡಾನು ತಿರುವಿನಲ್ಲಿ ವಾಲುವುದೂ ಕಡಿಮೆ. ಮಗಳ ಮುಖದಲ್ಲಿ ನಾನು ಕಂಡ ಸಂತೋಷ, ಛಂದಸ್ಸು ಒಲಿದ ದಿನ ನನಗಾದ ಸಂತೋಷದ್ದೇ ಜಾತಿ. ಯತಿ ಎಲ್ಲಿ, ಗತಿ ಎಲ್ಲಿ, ಗುರು ಯಾವುದು, ಲಘು ಯಾವುದು ಎಂಬುದು ಕೈಗೇ ಗೊತ್ತಾಗುವ ಆನಂದ. ಚಾಲನೆಯ ಸುಖವನ್ನು ಹುಡುಗಾಟವೆಂದು ತಳ್ಳಿಹಾಕುತ್ತಿದ್ದ ನಾನು ಅಂದು ಮನಸ್ಸನ್ನು ಬದಲಾಯಿಸಿದೆ. ಕೈಗೆ ವಶವಾದ ಗಾಡಿ ಸುಖ ಕೊಡುತ್ತದೆ; ವಶವಾದದ್ದರಿಂದಲೇ ಕ್ಷೇಮವನ್ನೂ ಕೊಡುತ್ತದೆ.

ಐದನೆಯ ತಿರುವಿನಲ್ಲಿ ಹಿಂದಿನಿಂದ ಅಮ್ಮನ ಧ್ವನಿ ಬಂತು: “ಮಗೂ, ನಿನ್ನ ಆನಂದ ನನ್ನ ಹೊಟ್ಟೆಗೆ ಬರುತ್ತಾ ಇದೆ.” ಗಾಡಿ ನಿಂತಿತು. ದೋಷ ಗಾಡಿಯದಲ್ಲ, ಸಾರಥಿಯದು. ಪಲ್ಲಕ್ಕಿಯನ್ನು ಪರೀಕ್ಷಿಸುವವರು ಬೋಯಿಗಳನ್ನು ಮಾತ್ರ ಕೇಳಿದರೆ ಸಾಲದು, ಒಳಗೆ ಕುಳಿತವರನ್ನೂ ಕೇಳಬೇಕು ಎಂದು ಅಂದು ಕಲಿತೆವು.

ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ಡಿಕ್ಕಿಯಲ್ಲಿ ಗಾಲಿಕುರ್ಚಿ ಹಿಡಿಯುತ್ತದೆಯೇ?” ಹಿಡಿಯುತ್ತದೆ. ಪೆಟ್ರೋಲಿನ ಸಿಟಿಯಲ್ಲಿ 506 ಲೀಟರು, ಸ್ಲಾವಿಯಾದಲ್ಲಿ 521, ವರ್ನಾದಲ್ಲಿ 528. ಮಡಿಸಿದ ಕುರ್ಚಿಯೂ ಎರಡು ಪೆಟ್ಟಿಗೆಯೂ ಒಂದು ಮೂಟೆ ಅಡಕೆಯೂ ಹಿಡಿಯುವುದಕ್ಕೆ ಎಲ್ಲವೂ ಸಾಕು. ಡಿಕ್ಕಿ ಹೊಡೆಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು 2023ರಲ್ಲಿ ಸ್ಲಾವಿಯಾ, ವರ್ಟಸ್, ವರ್ನಾ ಮೂರಕ್ಕೂ ಐದೈದು ನಕ್ಷತ್ರಗಳನ್ನು ಕೊಟ್ಟರು. ಹಳ್ಳಿಯ ದಾರಿಯ ಉಬ್ಬುಗಳಿಗೆ ಸ್ಲಾವಿಯಾ ನೆಲದಿಂದ 179 ಮಿಲಿಮೀಟರ್ ಎತ್ತರ, ಸಿಟಿ 165. ಸಿಟಿಯನ್ನು ಕೊಂಡವರು ಉಬ್ಬುಗಳನ್ನು ಓರೆಯಾಗಿ ದಾಟುವ ಅಭ್ಯಾಸವನ್ನು ಮಾಡಿಕೊಳ್ಳುವುದು ಲೇಸು.

ಇಷ್ಟೆಲ್ಲ ಆದಮೇಲೆ ಉಳಿದದ್ದು ಮೂರನೆಯ ಗುಣ, ನಂಬಿಕೆ. ಇದಕ್ಕೆ ಮಗನ ಕೋಷ್ಟಕದಲ್ಲಿ ಒಂದೇ ಸಾಲು ಇತ್ತು. ನನ್ನ ಮನಸ್ಸಿನಲ್ಲಾದರೋ ಅದೊಂದೇ ಇತ್ತು. ಏಕೆಂದು ಈಗ ಹೇಳಬೇಕು.

2017ರ ಜುಲೈ. ಆಗ ನನ್ನಲ್ಲಿ ಹಳೆಯ ಗಾಡಿಯೊಂದಿತ್ತು; ಅದನ್ನು ಮಾಡಿದ ಕಂಪನಿಯ ಹೆಸರು ಬೇಡ, ಏಕೆ ಬೇಡವೆಂಬುದು ಕೊನೆಗೆ ತಿಳಿಯುತ್ತದೆ. ಊರಿನಲ್ಲಿ ತಂದೆಯವರಿಗೆ ಸಂಜೆಯಿಂದ ಉಬ್ಬಸ ಹೆಚ್ಚಿತು. ವೈದ್ಯರು ನೋಡಿ, ಮಣಿಪಾಲಕ್ಕೆ ಈಗಲೇ ಹೊರಡಿ ಎಂದರು. ರಾತ್ರಿ ಒಂಬತ್ತು ಗಂಟೆ. ಆಗುಂಬೆಯ ಮಳೆ ಎಂಥದೆಂದು ಕಂಡವರೇ ಬಲ್ಲರು. ನಾನು ಓಡಿಸುತ್ತಿದ್ದೆ, ತಮ್ಮನು ತಂದೆಯವರನ್ನು ಆತು ಹಿಂದೆ ಕುಳಿತಿದ್ದ. ಆಗುಂಬೆಗೆ ಐದಾರು ಕಿಲೋಮೀಟರ್ ಇದೆಯೆನ್ನುವಾಗ ಮುಂದಿನ ಫಲಕದಲ್ಲಿ ಬ್ಯಾಟರಿಯ ಆಕಾರದ ಕೆಂಪು ದೀಪ ಹತ್ತಿತು. ಕಂಡೂ ಕಾಣದವನಂತೆ ಮುಂದೆ ಹೋದೆ. ಚಕ್ರವನ್ನು ತಿರುಗಿಸುವುದು ಭಾರವಾಯಿತು. ದೀಪಗಳು ಮಂಕಾದವು. ಶಾಖದ ಮುಳ್ಳು ಏರತೊಡಗಿತು. ಮುಂಗಡೆಯಿಂದ ಉಗಿ ಎದ್ದಿತು. ಗಾಡಿ ನಿಂತಿತು.

ಎಡಬಲಗಳಲ್ಲಿ ಕಾಡು, ಕೈಫೋನಿಗೆ ಸಂಕೇತವಿಲ್ಲ, ಹಿಂದಿನಿಂದ ತಂದೆಯವರ ಉಸಿರಿನ ಶಬ್ದ. ಆ ಶಬ್ದವನ್ನು ನಾನು ಇಂದಿಗೂ ಮರೆತಿಲ್ಲ. ಮುಕ್ಕಾಲು ಗಂಟೆಯ ಮೇಲೆ ಒಂದು ಸಣ್ಣ ಸರಕುಗಾಡಿ ಬಂತು. ಮಲೆನಾಡಿಗೆ ಮೀನು ಹಾಕಿ ಮಲ್ಪೆಗೆ ಬರಿದಾಗಿ ಹಿಂತಿರುಗುತ್ತಿದ್ದ ಗಾಡಿ. ಚಾಲಕ ಒಂದು ಮಾತನ್ನೂ ಕೇಳದೆ ಬಾಗಿಲು ತೆರೆದ. ತಮ್ಮ ಕೆಟ್ಟ ಗಾಡಿಯ ಬಳಿ ಉಳಿದ. ಹುಟ್ಟಿದಂದಿನಿಂದ ಮಡಿಯಲ್ಲಿ ಬದುಕಿದ ತಂದೆಯವರನ್ನು ನಡುವೆ ಕೂರಿಸಿಕೊಂಡು ನಾನು ಅಂಚಿನಲ್ಲಿ ಕುಳಿತೆ. ಹಿಂದಿನಿಂದ ಮಂಜುಗಡ್ಡೆಯ ನೀರೂ ಮೀನಿನ ವಾಸನೆಯೂ ಬರುತ್ತಿತ್ತು. ಅವರಿಗೆ ಏನನ್ನಿಸೀತೋ ಎಂದು ನಾನು ಅಳುಕುತ್ತಿದ್ದೆ. ಹೆಬ್ರಿಯನ್ನು ದಾಟುವಾಗ ಅವರು ನನ್ನ ಕೈಯನ್ನು ಅಮುಕಿ, ಎರಡೆರಡು ಅಕ್ಷರಕ್ಕೊಮ್ಮೆ ನಿಂತು, “ಮನುವನ್ನು ದಾಟಿಸಿದ್ದೂ ಮತ್ಸ್ಯವೇ ಅಲ್ಲವೇನೋ” ಎಂದರು. ಮಲ್ಪೆಯ ಆ ಪುಣ್ಯಾತ್ಮ ಹಣವನ್ನು ಮುಟ್ಟಲಿಲ್ಲ. ತಂದೆಯವರು ಬದುಕಿಕೊಂಡರು, ಮತ್ತೆ ಎರಡು ವರ್ಷ ನಮ್ಮೊಡನಿದ್ದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರು.

ಮರುದಿನ ಮೆಕ್ಯಾನಿಕ್ ಬಂದು ಮುಚ್ಚಳವನ್ನೆತ್ತಿ ಹರಿದುಹೋದ ಕಪ್ಪು ರಬ್ಬರಿನ ಪಟ್ಟಿಯನ್ನು ನನ್ನ ಕೈಗಿತ್ತ. ಎಂಜಿನು ತಿರುಗುವಾಗ ಆ ಪಟ್ಟಿಯೇ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರವನ್ನೂ, ತಂಪಿನ ನೀರಿನ ಪಂಪನ್ನೂ, ಚಕ್ರವನ್ನು ಹಗುರಮಾಡುವ ಪಂಪನ್ನೂ ತಿರುಗಿಸುತ್ತದೆ. ಅದು ಹರಿದರೆ ಮೂರೂ ಒಮ್ಮೆಗೇ ನಿಲ್ಲುತ್ತವೆ; ಬ್ಯಾಟರಿಯಲ್ಲಿರುವಷ್ಟು ಹೊತ್ತು ದೀಪ, ಆಮೇಲೆ ಕತ್ತಲೆ. ಅವನು ತಗ್ಗಿದ ದನಿಯಲ್ಲಿ, “ಮೇಷ್ಟ್ರೇ, ಸಂಕ್ರಾಂತಿಗೇ ಹೇಳಿದ್ದೆನಲ್ಲ” ಎಂದ. ಹೌದು, ಹೇಳಿದ್ದ. ಪಟ್ಟಿಯಲ್ಲಿ ಬಿರುಕುಗಳನ್ನು ಬೆರಳಿಟ್ಟು ತೋರಿಸಿದ್ದ. ಸಾವಿರದಿನ್ನೂರು ರೂಪಾಯಿಯ ಕೆಲಸ. ‘ಪರೀಕ್ಷೆಗಳು ಮುಗಿಯಲಿ’ ಎಂದಿದ್ದೆ. ಮುಗಿದ ಮೇಲೆ ಮರೆತೆ. ನೆನಪಾದಾಗ ಇನ್ನೂ ಒಂದು ತಿಂಗಳು ತಡೆದೀತೆಂದುಕೊಂಡೆ.

ಮನೆಯವರೆಲ್ಲ ಗಾಡಿಯನ್ನು ಬಯ್ದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದರೂ ಆಗುತ್ತಿತ್ತು, ಕ್ರಮೇಣ ನಾನೂ ಅವರೊಡನೆ ಸೇರಿ ಬಯ್ದೆ. ‘ಆ ಕಂಪನಿಯ ಗಾಡಿಯನ್ನು ಮಾತ್ರ ಕೊಳ್ಳಬೇಡಿ’ ಎಂದು ನಾಲ್ಕಾರು ಜನಕ್ಕೆ ಉಪದೇಶವನ್ನೂ ಮಾಡಿದೆ. ಮಾತಾಡಲಾರದ ವಸ್ತುವಿನ ಮೇಲೆ ಅಪವಾದ ಹೊರಿಸುವುದು ಎಷ್ಟು ಸುಲಭ! ಮಿಥ್ಯಾವಾದ ಸಲ್ಲದೆಂದು ಹುಡುಗರಿಗೆ ಮೂವತ್ತು ವರ್ಷ ಬೋಧಿಸಿದವನು ನಾನೇ.

ನಂಬಿಕೆಯ ಗಾಡಿ ಯಾವುದೆಂಬ ಪ್ರಶ್ನೆಯನ್ನು ಅಂದಿನಿಂದ ನಾನು ಮೂರಾಗಿ ಒಡೆದು ಕೇಳುತ್ತೇನೆ. ಮೊದಲನೆಯದು, ಗಾಡಿ ಎಷ್ಟು ಅಪರೂಪಕ್ಕೆ ಕೆಡುತ್ತದೆ? ಎರಡನೆಯದು, ಕೆಟ್ಟರೆ ಎಷ್ಟು ಹತ್ತಿರದಲ್ಲಿ, ಎಷ್ಟು ಬೇಗ ಸರಿಯಾಗುತ್ತದೆ? ಅಂಬಾಸಿಡರ್ ಕೆಡುವುದು ಹೆಚ್ಚು, ಸರಿಯಾಗುವುದು ಸುಲಭ. ಇಂದಿನವು ಕೆಡುವುದು ಕಡಿಮೆ. ಕೆಟ್ಟರೆ ಚಿಂದಿಬಟ್ಟೆ ಸಾಲದು, ಗಣಕಯಂತ್ರವನ್ನು ಚುಚ್ಚಿ ಕೇಳಬೇಕು. ಮೂರನೆಯದು, ಯಜಮಾನ ಎಂಥವನು? ಈ ಮೂರನೆಯ ಪ್ರಶ್ನೆಗೆ ಯಾವ ಕೋಷ್ಟಕದಲ್ಲಿಯೂ ಸಾಲಿಲ್ಲ.

ಈ ಅಳತೆಯಿಂದ ನೋಡಿದರೆ, ಟರ್ಬೋ ಇಲ್ಲದ ಸರಳವಾದ ಎಂಜಿನಿನಲ್ಲಿ ಬಿಸಿಯಾಗುವ, ಸವೆಯುವ ಅಂಗಗಳು ಅಷ್ಟು ಕಡಿಮೆ. ಸಿಟಿಯದೂ ಸಿಯಾಜಿನದೂ ವರ್ನಾದ ಸಾಮಾನ್ಯ ಎಂಜಿನೂ ಈ ಬಗೆಯವು. ಟರ್ಬೋ ಎಂಜಿನು ಕೆಟ್ಟದ್ದಲ್ಲ; ಅದು ಹೇಳಿದ ಕಾಲಕ್ಕೆ ಹೇಳಿದ ಎಣ್ಣೆಯನ್ನು ಕೇಳುತ್ತದೆ, ಸೋಮಾರಿಯನ್ನು ಸಹಿಸುವುದಿಲ್ಲ. ಎರಡು ಕ್ಲಚ್ಚುಗಳ ಸ್ವಯಂಚಾಲಿತ ಗೇರು ಹೆದ್ದಾರಿಯಲ್ಲಿ ಬಲು ಚುರುಕು. ಆದರೆ ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್ಚು ಇಂಚಿಂಚು ಸರಿಯುವ ಸಂದಣಿಯಲ್ಲಿ ಬಿಸಿಯಾಗುತ್ತದೆ. ಪಟ್ಟಣವಾಸಿಗೆ ಪಟ್ಟಿಯ ಮೇಲೆ ಓಡುವ ಸಿವಿಟಿ ಎಂಬ ಮೆತ್ತಗಿನ ಗೇರು ಹಿತ. ಕೈಗೇರಿನಷ್ಟು ಕಡಿಮೆ ಖರ್ಚಿನದು ಯಾವುದೂ ಇಲ್ಲ.

ಆದಕಾರಣ ನನ್ನ ಅಭಿಪ್ರಾಯ ಹೀಗೆ: ಯೌವನವೂ ಉದ್ದನೆಯ ಹೆದ್ದಾರಿಯೂ ಉಳ್ಳವರು ಸ್ಲಾವಿಯಾವನ್ನೋ ವರ್ಟಸ್ಸನ್ನೋ ಟರ್ಬೋ ವರ್ನಾವನ್ನೋ ಕೊಂಡು ಸಂತೋಷಪಡಲಿ, ಆದರೆ ಕಾಲಕಾಲದ ಸೇವೆಯನ್ನು ತಪ್ಪಿಸದಿರಲಿ. ದಿನವೂ ಪಟ್ಟಣದ ಸಂದಣಿಯಲ್ಲಿ ಬಹುದೂರ ಓಡುವವರು ಹೈಬ್ರಿಡ್ ಸಿಟಿಯ ಲೆಕ್ಕವನ್ನು ಹಾಕಿನೋಡಲಿ. ಮಿತವಾಗಿ ಓಡಿಸಿ ಬಹುಕಾಲ ಇಟ್ಟುಕೊಳ್ಳುವ ಗೃಹಸ್ಥರಿಗೆ ಸರಳವಾದ ಪೆಟ್ರೋಲ್ ಎಂಜಿನೂ ಕೈಗೇರೂ ಲೇಸು. ನಾನು ಕೊಂಡದ್ದು ಎರಡು ವರ್ಷ ಹಳೆಯದಾದ, 2023ರ ಮಧ್ಯದಲ್ಲಿ ತಯಾರಾದ, ಪೆಟ್ರೋಲಿನ ಸಿಟಿ. ಆ ಹೆಸರಿನ ಗಾಡಿ 1998ರಿಂದ ನಮ್ಮ ದೇಶದಲ್ಲಿದೆ. ನನ್ನ ಮೆಕ್ಯಾನಿಕ್ಕಿನ ಕೈಗೆ ಅದರ ಪರಿಚಯವುಂಟು. ಮಗಳು ಸ್ವಲ್ಪ ಮುಖ ಸಪ್ಪಗೆ ಮಾಡಿದಳು. “ಘಟ್ಟದಲ್ಲಿ ಎರಡನೆಯ ಗೇರಿಗೆ ಇಳಿಸು, ಕೂಗಿದರೆ ಕೂಗಲಿ” ಎಂದೆ. ಓಡಿಸಿ ಬಂದವಳು, “ಕೂಗುವುದೂ ಇಂಪಾಗಿದೆ” ಎಂದಳು.

ಕೊಂಡ ದಿನ ಮನೆಗೆ ತರುವ ಮೊದಲು ಗಾಡಿಯನ್ನು ಮೆಕ್ಯಾನಿಕ್ಕಿನಲ್ಲಿಗೆ ಒಯ್ದು ಆ ಪಟ್ಟಿಯನ್ನು ಬದಲಾಯಿಸೆಂದೆ. “ಇದು ಚೆನ್ನಾಗಿಯೇ ಇದೆಯಲ್ಲ, ಮೇಷ್ಟ್ರೇ” ಎಂದ. “ಇರಲಿ, ಬದಲಾಯಿಸು” ಎಂದೆ. ಅವನು ನನ್ನ ಮುಖವನ್ನು ನೋಡಿ, ಮತ್ತೇನೂ ಹೇಳದೆ ಕೆಲಸಕ್ಕೆ ತೊಡಗಿದ. ನಿಂಬೆಹಣ್ಣೂ ಕುಂಕುಮವೂ ಆಮೇಲೆ ಆದವು. ಗಾಡಿಯೊಳಗೆ ಈಗ ಒಂದು ನೋಟುಪುಸ್ತಕವುಂಟು. ಎಣ್ಣೆ, ಪಟ್ಟಿ, ಟೈರು, ಬ್ರೇಕು, ಪ್ರತಿಯೊಂದಕ್ಕೂ ತಾರೀಖು ಹಾಕಿ ಬರೆಯುತ್ತೇನೆ. ಹಾಜರಿ ಪುಸ್ತಕ ಬರೆದ ಕೈಗೆ ಅದು ಭಾರವಲ್ಲ.

ಕಳೆದ ತಿಂಗಳು ಅಮ್ಮನನ್ನು ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದೆ. ಆಗುಂಬೆಗೆ ಐದಾರು ಕಿಲೋಮೀಟರ್ ಇರುವಾಗ ಆ ಸ್ಥಳ ಬಂತು. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಸಂಕ್ರಾಂತಿಯಿಂದ ಜುಲೈವರೆಗಿನದನ್ನೆಲ್ಲ ಹೇಳಿದೆ. ಅಮ್ಮ ತಲೆಯಾಡಿಸದೆ, ನಡುವೆ ಬಾಯಿಹಾಕದೆ ಕೇಳಿದರು. ಹೊರಗೆ ಸಣ್ಣಗೆ ಹನಿ ಬೀಳುತ್ತಿತ್ತು. ಬಹಳ ಹೊತ್ತಿನ ಮೇಲೆ, “ಇದರ ಪಟ್ಟಿ ಬದಲಾಯಿಸಿದ್ದೀಯಷ್ಟೆ?” ಎಂದರು.

“ಬದಲಾಯಿಸಿದ್ದೇನಮ್ಮ.”

“ಹಾಗಾದರೆ ಹೊರಡು. ಡಾಕ್ಟರು ಕಾಯುತ್ತಾರೆ.”

ಹೊರಟೆ. ಘಟ್ಟವಿಳಿಯುವಾಗ ಕನ್ನಡಿಯಲ್ಲಿ ನೋಡಿದರೆ ಅಮ್ಮ ಕಿಟಕಿಗೆ ತಲೆಯಾನಿಸಿ ನಿದ್ರೆ ಹೋಗಿದ್ದರು.